ಮಡಿಕೇರಿಗೆ ವರ್ಗ ಆಗಿದೆ: ಹೋಟೆಲೋ, ಮೆಸ್ಸೋ, ಸಂತೆಯೋ?

ಪ್ರತಿ ವರ್ಷ ಮೇ-ಜೂನ್ ಹೊತ್ತಿಗೆ ಒಂದೇ ಪ್ರಶ್ನೆಯನ್ನು ನನಗೆ ನಾಲ್ಕಾರು ಜನ ಕೇಳುತ್ತಾರೆ. "ಮಡಿಕೇರಿಗೆ ವರ್ಗ ಆಗಿದೆ ಮೇಡಂ. ಊಟಕ್ಕೆ ಏನು ಮಾಡೋದು? ಹೋಟೆಲ್ ಸಾಕಾ, ಮೆಸ್ ಹುಡುಕಲಾ, ಪಾತ್ರೆ-ಪಗಡೆ ಹೊತ್ತುಕೊಂಡೇ ಬರಲಾ?" ಕೇಳುವವರು ಶಿಕ್ಷಕರು, ಬ್ಯಾಂಕಿನವರು, ನರ್ಸ್‌ಗಳು, ಈಗಷ್ಟೇ ಕೆಲಸಕ್ಕೆ ಸೇರಿದ ಹುಡುಗರು.

ನಾನೂ ಹಾವೇರಿಯಿಂದ ಹೀಗೇ ಬಂದವಳು. ಮೊದಲ ತಿಂಗಳು ಮೂರು ಹೊತ್ತೂ ಹೋಟೆಲಿನಲ್ಲಿ ತಿಂದೆ. ಬಾಡಿಗೆಗಿಂತ ಊಟಕ್ಕೇ ಜಾಸ್ತಿ ಖರ್ಚಾಯಿತು. ಎರಡನೇ ತಿಂಗಳು ಹಟ ಹಿಡಿದು ಎಲ್ಲವನ್ನೂ ಮನೆಯಲ್ಲೇ ಮಾಡಲು ಹೊರಟೆ. ಅಷ್ಟರಲ್ಲಿ ಮಳೆ ಹಿಡಿಯಿತು. ಎರಡು ದಿನ ಕರೆಂಟ್ ಇಲ್ಲದೆ ಫ್ರಿಜ್ಜಿನಲ್ಲಿದ್ದ ತರಕಾರಿ ಕೊಳೆಯಿತು. ಅಗ್ಗಕ್ಕೆ ಸಿಕ್ಕಿತೆಂದು ತಂದ ಐದು ಕಿಲೋ ಬೇಳೆಗೆ ಬೂಷ್ಟು ಬಂತು. ಮೂರನೇ ತಿಂಗಳಿಗೆ ಒಂದು ಹದ ಸಿಕ್ಕಿತು. ಆ ಹದ ಏನು ಅಂತ ಬಿಡಿಸಿ ಹೇಳುತ್ತೇನೆ. ನಿಮ್ಮ ಮನೆಗೆ, ನಿಮ್ಮ ಸಂಬಳಕ್ಕೆ ಯಾವುದು ಹೊಂದುತ್ತದೋ ನೀವೇ ನೋಡಿಕೊಳ್ಳಿ.

ದರಗಳನ್ನು ಬರೆಯುವುದಿಲ್ಲ. ಇವತ್ತಿನ ಟೊಮೆಟೊ ರೇಟು ಮುಂದಿನ ವಾರ ಇರುವುದಿಲ್ಲ. ಯಾವುದು ಯಾವುದಕ್ಕಿಂತ ಅಗ್ಗ, ಯಾಕೆ ಅಗ್ಗ ಅನ್ನುವುದು ಗೊತ್ತಾದರೆ ಸಾಕು.

ಮೊದಲು ಅಳತೆಗೋಲು

ಕೊಡಗಿನಲ್ಲಿ ಒಂದೇ ಬೀದಿಯಲ್ಲಿ ಎರಡು ಪೇಟೆ ಇವೆ. ಒಂದು ನೋಡಲು ಬಂದವರದ್ದು, ಇನ್ನೊಂದು ಇಲ್ಲೇ ಬದುಕುವವರದ್ದು. ವಾರದ ಕೊನೆಗೆ ಕಾರುಗಳು ಸಾಲುಗಟ್ಟಿ ಬರುತ್ತವೆ. ಆ ಜನ ಒಂದು ಸಲ ತಿಂದು ಹೋಗುತ್ತಾರೆ, ಮತ್ತೆ ಬರುವುದು ಮುಂದಿನ ವರ್ಷವೋ ಏನೋ. ಅವರನ್ನೇ ನಂಬಿದ ಹೋಟೆಲಿಗೆ ನಾಳೆ ನೀವು ವಾಪಸ್ ಬರಬೇಕು ಅನ್ನುವ ಚಿಂತೆ ಇರುವುದಿಲ್ಲ. ಇಲ್ಲಿಯವರನ್ನು ನಂಬಿದ ಹೋಟೆಲಿಗೆ ಅದೇ ಚಿಂತೆ. ಹಾಗಾಗಿ ಊಟದ ಜಾಗ ಆಗಲಿ, ಅಂಗಡಿ ಆಗಲಿ, ನಾನು ಮೊದಲು ನೋಡುವುದು ಇದನ್ನೇ: ಇದು ಯಾರ ಪೇಟೆ?

ಪರೀಕ್ಷೆ ಸುಲಭ. ಶನಿವಾರ-ಭಾನುವಾರ ಹೋಟೆಲ್ ನೋಡಬೇಡಿ. ಮಂಗಳವಾರವೋ ಬುಧವಾರವೋ ಮಧ್ಯಾಹ್ನ ಒಂದೂವರೆಗೆ ಹೋಗಿ. ಮಳೆ ಸುರಿಯುತ್ತಿದ್ದರೆ ಇನ್ನೂ ಒಳ್ಳೆಯದು. ಬಸ್ಸಿನ ಡ್ರೈವರ್, ಕಂಡಕ್ಟರ್, ಕೋರ್ಟು-ಕಚೇರಿಯವರು, ಆಟೋದವರು ಒದ್ದೆ ಕೊಡೆ ಮೂಲೆಯಲ್ಲಿಟ್ಟು ಊಟಕ್ಕೆ ಕೂತಿದ್ದರೆ ಆ ಜಾಗ ನಿಮ್ಮದೂ ಆಗಬಹುದು. ಭಾನುವಾರ ತುಂಬಿ ತುಳುಕಿ, ಮಂಗಳವಾರ ಖಾಲಿ ಇದ್ದರೆ ಅದು ಬೇರೆಯವರ ಪೇಟೆ.

ಎರಡನೆಯದು ಸಮಯ. ನಿಮ್ಮ ಕೆಲಸ ಮುಗಿಯುವ ಹೊತ್ತಿಗೆ ಅಲ್ಲಿ ಊಟ ಉಳಿದಿರುತ್ತದಾ? ಮಡಿಕೇರಿ ಬೇಗ ಮಲಗುವ ಊರು. ಮಳೆಗಾಲದಲ್ಲಂತೂ ರಾತ್ರಿ ಒಂಬತ್ತಕ್ಕೆ ಬೀದಿ ಖಾಲಿ.

ಮೂರನೆಯದು ನಡೆಯುವ ದೂರ. ಊರು ಸಮುದ್ರ ಮಟ್ಟದಿಂದ ಸುಮಾರು 1,170 ಮೀಟರ್ ಎತ್ತರದಲ್ಲಿದೆ, ಎಲ್ಲ ಕಡೆ ಏರು-ಇಳಿ. ಅರ್ಧ ಕಿಲೋಮೀಟರ್ ಏನು ಮಹಾ ಅಂತ ಬೇಸಿಗೆಯಲ್ಲಿ ಅನ್ನಿಸುತ್ತದೆ. ಜುಲೈಯಲ್ಲಿ ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ತರಕಾರಿ ಚೀಲ ಹಿಡಿದು ಏರು ಹತ್ತಿ ನೋಡಿ. ಬಾಡಿಗೆ ಮನೆ ಹುಡುಕುವಾಗಲೇ ದಿನಸಿ ಅಂಗಡಿ ಎಷ್ಟು ದೂರ ಅಂತ ಕೇಳಿ.

ನಾಲ್ಕನೆಯದು ಕೆಡುವುದು. ಇದನ್ನು ಬಯಲುಸೀಮೆಯಿಂದ ಬಂದವರು ಲೆಕ್ಕಕ್ಕೇ ಹಿಡಿಯುವುದಿಲ್ಲ, ನಾನೂ ಹಿಡಿದಿರಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಉಪ್ಪು ನೀರಾಗುತ್ತದೆ. ಕಾಫಿ ಪುಡಿ ಗಟ್ಟಿಯಾಗುತ್ತದೆ. ಹಪ್ಪಳ ಮೆತ್ತಗಾಗುತ್ತದೆ. ಹೆಚ್ಚು ತಂದರೆ ಅಗ್ಗ ಅನ್ನುವ ಮಾತು ಆ ನಾಲ್ಕು ತಿಂಗಳು ನಡೆಯುವುದಿಲ್ಲ.

ಐದನೆಯದು ಹೆಣ್ಣುಮಕ್ಕಳಿಗೆ, ಮುಖ್ಯವಾಗಿ ಒಬ್ಬರೇ ಇರುವವರಿಗೆ: ಅಲ್ಲಿ ಒಬ್ಬಳೇ ಕೂತು ನೆಮ್ಮದಿಯಾಗಿ ಊಟ ಮಾಡಬಹುದಾ? ಇದನ್ನು ಯಾರೂ ಬರೆಯುವುದಿಲ್ಲ. ಆದರೆ ನನ್ನ ಪಟ್ಟಿಯಿಂದ ಎಷ್ಟೋ ಹೋಟೆಲ್ ಬಿಟ್ಟುಹೋಗಿದ್ದು ರುಚಿಯಿಂದಲ್ಲ, ಇದರಿಂದ.

ಹೊರಗೆ ಊಟ: ಯಾವ ಹೋಟೆಲ್, ಯಾವ ಹೊತ್ತಿಗೆ

ಸಸ್ಯಾಹಾರಿ ಹೋಟೆಲ್ ಬಸ್ ನಿಲ್ದಾಣದ ಸುತ್ತಮುತ್ತ ಸುಲಭವಾಗಿ ಸಿಗುತ್ತದೆ. ಇಡ್ಲಿ, ದೋಸೆ, ಅನ್ನ-ಸಾಂಬಾರ್. ಬೆಳಿಗ್ಗೆ ಬೇಗ ತೆಗೆಯುತ್ತಾರೆ, ಒಬ್ಬರೇ ಹೋಗಿ ಕೂರಲು ಮುಜುಗರವಿಲ್ಲ. ತಿಂಡಿಗೆ ಇದು ಸರಿ. ಆದರೆ ದಿನಾ ಎರಡು ಹೊತ್ತಿನ ಊಟಕ್ಕೆ ಇದನ್ನೇ ಹಚ್ಚಿಕೊಂಡರೆ ತಿಂಗಳ ಕೊನೆಗೆ ಜೇಬೂ ಖಾಲಿ, ಬಾಯಿಗೂ ಬೇಜಾರು.

ಮಲಯಾಳಿ ಹೋಟೆಲ್‌ಗಳು ಕೊಡಗಿನ ಪ್ರತಿ ಪೇಟೆಯಲ್ಲೂ ಇವೆ. ಕೇರಳದ ಗಡಿ ಹತ್ತಿರ, ಅಲ್ಲಿಂದ ಬಂದು ತಲೆಮಾರುಗಳಿಂದ ನೆಲೆಸಿದವರೂ ಬಹಳ. ವಿರಾಜಪೇಟೆ, ಸಿದ್ದಾಪುರ ಕಡೆ ಇನ್ನೂ ಜಾಸ್ತಿ. ಕುಚಲಕ್ಕಿ ಅನ್ನ, ಮೀನು ಸಾರು, ಪಲ್ಯ, ಉಪ್ಪಿನಕಾಯಿ ಹಾಕಿ ಊಟ ಕೊಡುತ್ತಾರೆ. ಬೆಳಿಗ್ಗೆ ಪುಟ್ಟು-ಕಡಲೆ, ಸಂಜೆ ಪೊರೋಟ. ಮೀನು ತಿನ್ನುವವರಿಗೆ ಕೊಟ್ಟ ದುಡ್ಡಿಗೆ ಹೊಟ್ಟೆ ತುಂಬುವ ಊಟ ಇದೇ ಅಂತ ನನ್ನ ಅಭಿಪ್ರಾಯ. ಬೆಳಗಿನ ಜಾವ ಪಾಳಿ ಮುಗಿಸಿ ಬರುವ ನರ್ಸ್‌ಗಳಿಗೂ ಬಿಸಿ ಚಹಾ ಮೊದಲು ಸಿಗುವುದು ಇಂಥ ಕಡೆಯೇ. ಗಮನಿಸಬೇಕಾದದ್ದು ಎರಡು. ಅಡುಗೆಗೆ ತೆಂಗಿನ ಎಣ್ಣೆ ಬಳಸುತ್ತಾರೆ, ಉತ್ತರ ಕರ್ನಾಟಕದ ನಾಲಿಗೆಗೆ ಒಗ್ಗಲು ಒಂದೆರಡು ವಾರ ಬೇಕು. ಇನ್ನೊಂದು, ರಂಜಾನ್ ತಿಂಗಳಲ್ಲಿ ಕೆಲವು ಹೋಟೆಲ್‌ಗಳು ಹಗಲು ತೆರೆಯುವುದಿಲ್ಲ. ಮೊದಲೇ ಕೇಳಿಟ್ಟುಕೊಳ್ಳಿ.

ಕೊಡವರ ಊಟಕ್ಕಾಗಿಯೇ ಹೊರಗಿನವರು ಇಲ್ಲಿಗೆ ಬರುತ್ತಾರೆ. ಪಂದಿ ಕರಿ (ಹಂದಿ ಮಾಂಸದ ಸಾರು), ಕಡಂಬುಟ್ಟು (ಅಕ್ಕಿ ತರಿಯ ಕಡುಬು), ನೂಪುಟ್ಟು (ಅಕ್ಕಿ ಶಾವಿಗೆ), ಕೋಳಿ ಕರಿ, ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ), ಮಳೆಗಾಲದಲ್ಲಿ ಕಣಿಲೆ (ಎಳೆ ಬಿದಿರು) ಮತ್ತು ಅಣಬೆ. ದಿನದ ಊಟಕ್ಕೆ ಇದು ದುಬಾರಿ. ಆದರೆ ಇಲ್ಲಿ ಬದುಕಲು ಬಂದವರು ಇದನ್ನು ತಿನ್ನದೇ ಇದ್ದರೆ ಊರೇ ಗೊತ್ತಾಗುವುದಿಲ್ಲ. ಹಾಗಾಗಿ ತಿಂಗಳಿಗೆ ಒಂದೋ ಎರಡೋ ಸಲ, ಒಳ್ಳೆಯ ಕಡೆಯೇ ಹೋಗಿ ಅನ್ನುತ್ತೇನೆ.

ಒಳ್ಳೆಯದನ್ನು ಗುರುತಿಸುವುದು ಹೇಗೆ? ಪಂದಿ ಕರಿಯ ಬಣ್ಣ ನೋಡಿ. ಕೊತ್ತಂಬರಿ ಬೀಜ, ಜೀರಿಗೆ, ಕಾಳುಮೆಣಸನ್ನು ಕಪ್ಪಾಗುವವರೆಗೆ ಹುರಿದು ಪುಡಿ ಮಾಡಿ, ಕೊನೆಯಲ್ಲಿ ಕಾಚಂಪುಳಿ (ಹುಳಿ ಹಣ್ಣಿನ ರಸ ಬತ್ತಿಸಿ ಮಾಡಿದ ಕಪ್ಪು ಹುಳಿ) ಹಾಕಿದ್ದರೆ ಮಸಾಲೆ ಗಾಢ ಕಂದು, ಹೆಚ್ಚುಕಡಿಮೆ ಕಪ್ಪು. ಗ್ರೇವಿ ತೆಳ್ಳಗೆ ಹರಿಯುವುದಿಲ್ಲ, ತುಂಡಿಗೆ ಅಂಟಿಕೊಂಡಿರುತ್ತದೆ. ಹುಳಿ ನಾಲಿಗೆಗೆ ಕೊನೆಯಲ್ಲಿ ತಾಗುತ್ತದೆ. ಕೆಂಪಗೆ ಎಣ್ಣೆ ತೇಲುತ್ತಿದ್ದು, ಟೊಮೆಟೊ ಹುಳಿ ಮುಂದೆ ಬಂದರೆ ಅದು ಹೊರಗಿನವರಿಗೆಂದು ಮಾಡಿದ ಸಾರು. ಕಡಂಬುಟ್ಟು ಮುರಿದಾಗ ಒಳಗೆ ಬಿಸಿ ಇರಬೇಕು, ಅಕ್ಕಿ ತರಿ ಕೈಗೆ ತಿಳಿಯಬೇಕು. ತಣ್ಣಗೆ ರಬ್ಬರಿನ ಹಾಗಿದ್ದರೆ ಬೆಳಿಗ್ಗೆಯದು.

ಒಂದು ತೊಡಕಿದೆ. ಪಂದಿ ಕರಿ ಚೆನ್ನಾಗಿ ಮಾಡುವ ಎಷ್ಟೋ ಜಾಗಗಳು ಬಾರ್ ಜೊತೆಗೇ ಇವೆ. ಕುಟುಂಬದವರಿಗೆ, ಒಬ್ಬರೇ ಇರುವ ಹೆಣ್ಣುಮಕ್ಕಳಿಗೆ ಅಲ್ಲಿ ಕೂರಲು ಇಷ್ಟವಾಗದಿರಬಹುದು. ಪಾರ್ಸೆಲ್ ತರಿಸಿ. ಅದಕ್ಕಿಂತ ಒಳ್ಳೆಯ ದಾರಿ, ಮನೆಯಲ್ಲೇ ಅಡುಗೆ ಮಾಡಿ ಆರ್ಡರ್ ಮೇಲೆ ಕೊಡುವ ಹೆಂಗಸರು. ಇವರಿಗೆ ಬೋರ್ಡ್ ಇರುವುದಿಲ್ಲ. ಅಕ್ಕಪಕ್ಕದವರನ್ನು ಕೇಳಿದರೆ ಗೊತ್ತಾಗುತ್ತದೆ. ಒಂದು ದಿನ ಮೊದಲು ಹೇಳಬೇಕು, ಪಾತ್ರೆ ನಾವೇ ಒಯ್ಯಬೇಕು. ಹೋಟೆಲಿಗಿಂತ ಕಡಿಮೆ ದುಡ್ಡಿಗೆ ಹೋಟೆಲಿಗಿಂತ ಒಳ್ಳೆಯ ಊಟ ನನಗೆ ಸಿಕ್ಕಿರುವುದು ಹೀಗೇ. ಕೈಲ್‌ಪೊಳ್ದ್, ಅಂದರೆ ಸೆಪ್ಟೆಂಬರ್ 3ರ ಕೈಲ್ ಮುಹೂರ್ತ ಹಬ್ಬದ ಸುತ್ತ ಅವರನ್ನು ಕೇಳಬೇಡಿ. ಅವರ ಮನೆಗೇ ನೆಂಟರು ಬಂದಿರುತ್ತಾರೆ. ಬದಲಿಗೆ ನಿಮ್ಮನ್ನೇ ಊಟಕ್ಕೆ ಕರೆದರೂ ಕರೆದಾರು, ಹೋಗಿ.

ಇನ್ನು ಮೆಸ್. ಬ್ರಹ್ಮಚಾರಿಗಳಿಗೆ, ಕುಟುಂಬ ಊರಲ್ಲಿ ಬಿಟ್ಟು ಬಂದವರಿಗೆ ಇದೇ ಬೆನ್ನೆಲುಬು. ತಿಂಗಳ ಲೆಕ್ಕ, ಮನೆಯ ಹಾಗೆ ಸಾರು-ಪಲ್ಯ, ಹೊಟ್ಟೆ ಕೆಡುವುದು ಕಡಿಮೆ. ಸೇರುವ ಮೊದಲು ಮೂರು ದಿನ ಬಿಡಿ ದುಡ್ಡು ಕೊಟ್ಟು ತಿಂದು ನೋಡಿ. ಮೂರು ಪ್ರಶ್ನೆ ಕೇಳಿ: ರಜೆಗೆ ಊರಿಗೆ ಹೋದ ದಿನಗಳ ದುಡ್ಡು ಕಳೆಯುತ್ತೀರಾ? ಭಾನುವಾರ ರಾತ್ರಿ ಊಟ ಇದೆಯಾ? ಡಬ್ಬಿಗೆ ಹಾಕಿಕೊಡುತ್ತೀರಾ? ಬಹಳ ಮೆಸ್‌ಗಳಿಗೆ ಭಾನುವಾರ ರಾತ್ರಿ ರಜೆ. ಹೊಸಬರು ಹಸಿದುಕೊಂಡು ಮಲಗುವುದು ಆ ರಾತ್ರಿಯೇ. ಪಾಳಿಯಲ್ಲಿ ಕೆಲಸ ಮಾಡುವವರಿಗೆ ಮೆಸ್ ಹೊಂದುವುದಿಲ್ಲ. ದುಡ್ಡು ಕಟ್ಟಿ ಅರ್ಧ ದಿನ ತಪ್ಪಿಸಿಕೊಳ್ಳುವುದಕ್ಕಿಂತ ಬಿಡಿ ಊಟವೇ ಮೇಲು.

ಕುಶಾಲನಗರದಲ್ಲಿ ಇರುವವರಿಗೆ ಇನ್ನೊಂದು ಆಯ್ಕೆ ಇದೆ. ಐದಾರು ಕಿಲೋಮೀಟರ್ ದಾಟಿದರೆ ಬೈಲುಕುಪ್ಪೆ. 1961ರಿಂದ ಟಿಬೆಟಿನವರು ನೆಲೆಸಿರುವ ಜಾಗ, ಆಡಳಿತಕ್ಕೆ ಮೈಸೂರು ಜಿಲ್ಲೆ. ಅಲ್ಲಿನ ಸಣ್ಣ ಹೋಟೆಲ್‌ಗಳಲ್ಲಿ ಮೊಮೊ, ಥುಕ್ಪಾ (ನೂಡಲ್ಸ್ ಹಾಕಿದ ಸೂಪು) ಸಿಗುತ್ತವೆ. ಚಳಿಗೆ ಬಿಸಿ ಥುಕ್ಪಾ ಒಂದು ಬಟ್ಟಲು ಕುಡಿದರೆ ಊಟವೇ ಆಯಿತು. ಮಡಿಕೇರಿಯಿಂದ ಅದಕ್ಕೆಂದೇ ಹೋಗುವಷ್ಟು ಹತ್ತಿರವಲ್ಲ.

ಸಾಮಾನು: ಸಂತೆಯೋ, ಪಕ್ಕದ ಅಂಗಡಿಯೋ, ಸೂಪರ್ ಮಾರ್ಕೆಟ್ಟೋ

ಇಲ್ಲಿ ಒಂದು ವಿಷಯ ಮೊದಲು ತಿಳಿದಿರಲಿ. ಕೊಡಗಿನ ನೆಲದಲ್ಲಿ ಕಾಫಿ, ಮೆಣಸು, ಏಲಕ್ಕಿ, ಭತ್ತ ಬೆಳೆಯುತ್ತಾರೆ. ದಿನದ ತರಕಾರಿ ಬಹುಪಾಲು ಬರುವುದು ಹೊರಗಿನಿಂದ, ಮೈಸೂರು-ಹಾಸನದ ಬಯಲು ಕಡೆಯಿಂದ. ರೈಲು ಇಲ್ಲ, ಎಲ್ಲ ಲಾರಿಯಲ್ಲೇ ಘಟ್ಟ ಹತ್ತಬೇಕು. ಆದ್ದರಿಂದ ಸುತ್ತ ಇಷ್ಟು ಹಸಿರಿದ್ದೂ ತರಕಾರಿ ಯಾಕೆ ದುಬಾರಿ ಅಂತ ಬೇಜಾರು ಮಾಡಿಕೊಳ್ಳಬೇಡಿ. ಬಯಲಿಗೆ ಹತ್ತಿರ ಇದ್ದಷ್ಟೂ ಅಗ್ಗ. ಕುಶಾಲನಗರದಲ್ಲಿ ಸಿಗುವ ತರಕಾರಿ ಮೂವತ್ತು ಕಿಲೋಮೀಟರ್ ಮೇಲೆ ಮಡಿಕೇರಿಗೆ ಬರುವಷ್ಟರಲ್ಲಿ ಬೆಲೆ ಏರಿರುತ್ತದೆ, ಸ್ವಲ್ಪ ಬಾಡಿಯೂ ಇರುತ್ತದೆ.

ಸಂತೆಯ ದಿನಗಳು ಬಾಯಿಪಾಠ ಆಗಲಿ. ಸೋಮವಾರಪೇಟೆಯಲ್ಲಿ ಸೋಮವಾರ, ಕುಶಾಲನಗರದಲ್ಲಿ ಮಂಗಳವಾರ, ವಿರಾಜಪೇಟೆಯಲ್ಲಿ ಬುಧವಾರ, ಮಡಿಕೇರಿಯಲ್ಲಿ ಶುಕ್ರವಾರ, ಶನಿವಾರಸಂತೆಯಲ್ಲಿ ಹೆಸರೇ ಹೇಳುವಂತೆ ಶನಿವಾರ, ಗೋಣಿಕೊಪ್ಪದಲ್ಲಿ ಭಾನುವಾರ. ತೋಟದ ಕೆಲಸದವರು, ಹಳ್ಳಿಯವರು ವಾರದ ಸಾಮಾನಿಗೆ ಬರುವ ದಿನ ಅದು. ಅವರ ಕೈಗೆ ಎಟುಕುವ ಬೆಲೆಯೇ ಅಲ್ಲಿಯ ಬೆಲೆ. ಇದಕ್ಕಿಂತ ಒಳ್ಳೆಯ ಗ್ಯಾರಂಟಿ ಹೊಸಬರಿಗೆ ಬೇರೆ ಇಲ್ಲ.

ಸಂತೆಗೆ ಬೆಳಿಗ್ಗೆ ಹೋದರೆ ಸಾಮಾನು ತಾಜಾ, ಬೆಲೆ ಬಿಗಿ. ಸಂಜೆ ಐದರ ಮೇಲೆ ಹೋದರೆ ಬೆಲೆ ಇಳಿದಿರುತ್ತದೆ, ಒಳ್ಳೆಯದನ್ನು ಆಗಲೇ ಯಾರೋ ಆರಿಸಿಕೊಂಡು ಹೋಗಿರುತ್ತಾರೆ. ಕೆಲಸಕ್ಕೆ ಹೋಗುವವರಿಗೆ ಸಂಜೆಯೇ ಗತಿ. ನಾನು ಸಂಜೆ ಹೋಗುವವಳು. ನನ್ನ ಕ್ರಮ ಹೀಗಿದೆ: ಈರುಳ್ಳಿ, ಆಲೂಗಡ್ಡೆ, ಬೆಳ್ಳುಳ್ಳಿ, ಸೌತೆ, ಕುಂಬಳ, ಸುವರ್ಣಗೆಡ್ಡೆ ಸಂತೆಯಲ್ಲಿ. ಸೊಪ್ಪು, ಟೊಮೆಟೊ, ಬೀನ್ಸ್ ಎರಡು ದಿನಕ್ಕಾಗುವಷ್ಟು ಮಾತ್ರ ಸಂತೆಯಲ್ಲಿ, ಉಳಿದದ್ದು ವಾರದ ಮಧ್ಯೆ ಮನೆ ಹತ್ತಿರದ ಅಂಗಡಿಯಲ್ಲಿ.

ವಾರ ವಾರ ಒಬ್ಬರ ಹತ್ತಿರವೇ ತೆಗೆದುಕೊಳ್ಳಿ. ಚೌಕಾಸಿಗಿಂತ ಇದು ಜಾಸ್ತಿ ಉಳಿಸುತ್ತದೆ. ನನಗೆ ಕಾಯಂ ಆದ ತರಕಾರಿ ಅಕ್ಕ ಒಬ್ಬರಿದ್ದಾರೆ. ಪಿರಿಯಾಪಟ್ಟಣ ಕಡೆಯವರು. ಒಂದು ಶುಕ್ರವಾರ ನೀಲಿ ಪ್ಲಾಸ್ಟಿಕ್ ಹಾಳೆಯ ಕೆಳಗೆ ಕೂತಿದ್ದರು, ಹಾಳೆಯ ಅಂಚಿನಿಂದ ನೀರು ಧಾರೆಯಾಗಿ ಬೀಳುತ್ತಿತ್ತು. "ಅಕ್ಕ, ಟೊಮೆಟೊ ಎರಡು ಕಿಲೋ ಕೊಡಿ" ಅಂದೆ. ಅವರು ತಕ್ಕಡಿ ಮುಟ್ಟಲಿಲ್ಲ. "ಬೇಡ ಮೇಡಂ, ಮಳೆ ಹೊಡೆದಿದೆ, ಎರಡು ದಿನಕ್ಕೆ ನೀರು ಬಿಡ್ತದೆ. ಅರ್ಧ ಕಿಲೋ ಹಾಕ್ತೀನಿ, ಹುಳಿಗೆ ಹುಣಸೆಹಣ್ಣು ಇಟ್ಕೊಳ್ಳಿ" ಅಂದರು. ಮೂರು ತಿಂಗಳು ಬಿಡದೆ ಅವರ ಹತ್ತಿರ ಹೋದದ್ದಕ್ಕೆ ಸಿಕ್ಕ ಮಾತು ಅದು.

ಪಕ್ಕದ ದಿನಸಿ ಅಂಗಡಿ ಸಂತೆಗಿಂತ ಸ್ವಲ್ಪ ದುಬಾರಿ. ಆದರೆ ಬೇಕಾದಷ್ಟೇ ಕೊಡುತ್ತಾರೆ: ಕಾಲು ಕಿಲೋ ಬೇಳೆ, ನೂರು ಗ್ರಾಂ ಸಾಸಿವೆ. ಮಳೆಗಾಲದಲ್ಲಿ ಇದೇ ಅಗ್ಗ, ಯಾಕೆಂದರೆ ಕೆಟ್ಟು ಎಸೆಯುವುದು ಇರುವುದಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆಗಳು ಬಂದ್ ಆಗಿದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಅದಕ್ಕೇ ಜುಲೈ-ಆಗಸ್ಟ್‌ನಲ್ಲಿ ಹತ್ತು ದಿನಕ್ಕಾಗುವ ಅಕ್ಕಿ, ಬೇಳೆ, ಹಾಲಿನ ಪುಡಿ, ಮೇಣದಬತ್ತಿ ಮನೆಯಲ್ಲಿರಬೇಕು. ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ, ನೆಲಕ್ಕೆ ತಾಗದಂತೆ ಇಡಿ. ಹತ್ತು ದಿನಕ್ಕಿಂತ ಜಾಸ್ತಿ ಬೇಡ.

ಸೂಪರ್ ಮಾರ್ಕೆಟ್ ಎಣ್ಣೆ, ಸೋಪು, ಪ್ಯಾಕೆಟ್ ಹಿಟ್ಟಿಗೆ ಸರಿ. ಒಳಗೆ ಹೋದರೆ ಪಟ್ಟಿಯಲ್ಲಿ ಇಲ್ಲದ್ದೂ ಬುಟ್ಟಿಗೆ ಬೀಳುತ್ತದೆ, ಅಷ್ಟೇ ಎಚ್ಚರ. ಹಾಲಿನ ವಿಷಯದಲ್ಲಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ನಂದಿನಿ ಹಾಲು ಎಲ್ಲ ಕಡೆ ಇದೆ, ಬೆಲೆಯೂ ಒಂದೇ.

ಕುಶಾಲನಗರಕ್ಕೇ ಹೋಗಿ ತಂದರೆ ಹೇಗೆ ಅಂತ ಬಹಳ ಜನ ಕೇಳುತ್ತಾರೆ. ತರಕಾರಿಗೆಂದೇ ಹೋಗಿ-ಬಂದು ಅರವತ್ತು ಕಿಲೋಮೀಟರ್ ಓಡಾಡಿದರೆ ಉಳಿದದ್ದು ಪೆಟ್ರೋಲಿಗೋ ಬಸ್ಸಿಗೋ ಹೋಗುತ್ತದೆ. ಬೇರೆ ಕೆಲಸ ಇದ್ದಾಗ, ಅಥವಾ ಮೈಸೂರಿನಿಂದ ವಾಪಸ್ ಬರುವಾಗ ಇಳಿದು ತನ್ನಿ. ಎರಡು-ಮೂರು ಮನೆಯವರು ಸೇರಿ ಒಂದು ಕಾರಿನಲ್ಲಿ ತಿಂಗಳಿಗೊಮ್ಮೆ ಹೋದರೆ ಲೆಕ್ಕ ಸರಿಹೋಗುತ್ತದೆ.

ಮೀನು ತಿನ್ನುವವರಿಗೆ ಒಂದು ಮಾತು. ಸಮುದ್ರದ ಮೀನು ಮಂಗಳೂರು, ಕಣ್ಣೂರು ಕಡೆಯಿಂದ ಘಟ್ಟ ಹತ್ತಿ ಬರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆ ಎರಡು ತಿಂಗಳು ಬಂಗುಡೆ, ಬೂತಾಯಿ ದುಬಾರಿ, ಹಳೆಯ ಮಂಜುಗಡ್ಡೆ ಮೀನೂ ಬರುತ್ತದೆ. ಕಿವಿರು ಕೆಂಪಗಿಲ್ಲದಿದ್ದರೆ ಬೇಡ ಅನ್ನಿ. ಆಗ ಸಂತೆಯ ಒಣಮೀನೇ ಒಳ್ಳೆಯದು. ಇಲ್ಲಿಯವರು ಮಳೆಗಾಲಕ್ಕೆ ಮಾಡುವುದೂ ಅದನ್ನೇ.

ಕೊಡಗಿನದೇ ಸಾಮಾನು, ಎಲ್ಲಿ ಕೊಳ್ಳಬೇಕು

ಕಾಳುಮೆಣಸು, ಏಲಕ್ಕಿ, ಜೇನು, ಕಾಫಿ ಪುಡಿ, ಕಾಚಂಪುಳಿ. ಇವುಗಳ ಬೋರ್ಡ್ ಹಾಕಿದ ಅಂಗಡಿಗಳು ಹೆದ್ದಾರಿ ಉದ್ದಕ್ಕೂ ಕಾಣುತ್ತವೆ. ಬಹುಪಾಲು ನೋಡಲು ಬಂದವರ ಪೇಟೆ ಅದು. ನಾನು ಬಂದ ಹೊಸದರಲ್ಲಿ ಅಂಥ ಒಂದು ಅಂಗಡಿಯಿಂದ ಕಾಚಂಪುಳಿ ಬಾಟಲಿ ತಂದೆ. ನಮ್ಮ ಮನೆ ಓನರ್ ಆಂಟಿಗೆ ಖುಷಿಯಿಂದ ತೋರಿಸಿದೆ. ಅವರು ಬಾಟಲಿ ಓರೆ ಮಾಡಿದರು. ಒಳಗಿನದು ಸರಕ್ಕನೆ ಹರಿಯಿತು. ಒಂದು ಹನಿ ನಾಲಿಗೆಗೆ ಇಟ್ಟುಕೊಂಡು, "ಇದು ಕಾಚಂಪುಳಿ ಅಲ್ಲ ಕಣಮ್ಮ, ಬೆಲ್ಲ ಇದೆ ಇದರಲ್ಲಿ" ಅಂದರು. ಆಮೇಲೆ ಒಳಗಿನಿಂದ ತಮ್ಮ ಬಾಟಲಿ ತಂದರು. ಅದನ್ನು ತಲೆಕೆಳಗು ಮಾಡಿದರೂ ಗಾಜಿಗೆ ಅಂಟಿಕೊಂಡು ನಿಧಾನಕ್ಕೆ ಇಳಿಯಿತು. ಟಾರಿನಷ್ಟು ಕಪ್ಪು. ಮೂಸಿದರೆ ಹೊಗೆಯ ಜೊತೆ ಹುಳಿ ವಾಸನೆ. ಹಣ್ಣಿನ ರಸ ಇಳಿಸಿ, ಒಲೆಯ ಮೇಲೆ ಗಂಟೆಗಟ್ಟಲೆ ಕುದಿಸಿ ಬತ್ತಿಸಿದ್ದು ಹಾಗೆಯೇ ಇರುತ್ತದೆ. ಒಂದು ಕಿಲೋ ಮಾಂಸಕ್ಕೆ ಒಂದೆರಡು ಚಮಚ ಸಾಕು, ವರ್ಷಗಟ್ಟಲೆ ಕೆಡುವುದಿಲ್ಲ. ಹಾಗಾಗಿ ದುಬಾರಿ ಆದರೂ ಅಸಲಿಯನ್ನೇ, ಸಣ್ಣ ಬಾಟಲಿಯಲ್ಲಿ, ಪರಿಚಯದವರ ಮೂಲಕ ಕೊಳ್ಳಿ.

ಮೆಣಸು, ಏಲಕ್ಕಿಯನ್ನು ಊರವರು ಕೊಳ್ಳುವ ದಿನಸಿ ಅಂಗಡಿಯಲ್ಲಿ ಕೇಳಿ. ಇಲ್ಲವೇ ತೋಟ ಇರುವ ಸಹೋದ್ಯೋಗಿಯನ್ನು ಕೇಳಿ, ಮೆಣಸಿನ ಕೊಯ್ಲು ಮುಗಿದ ಮೇಲೆ ಒಂದು ಕಿಲೋ ಕೊಡಲು ಯಾರೂ ಇಲ್ಲ ಅನ್ನುವುದಿಲ್ಲ. ಅನುಮಾನ ಬಂದರೆ ಒಂದು ಲೋಟ ನೀರಿಗೆ ಹಾಕಿ. ಒಳ್ಳೆಯ ಮೆಣಸು ಮುಳುಗುತ್ತದೆ. ಪಪ್ಪಾಯ ಬೀಜ, ಜೊಳ್ಳು ತೇಲುತ್ತವೆ. ಜೇನಿಗೆ ಜೇನು ಕೃಷಿಕರ ಸಹಕಾರ ಸಂಘದ ಮಳಿಗೆ ಒಳ್ಳೆಯದು. ಸಂಘದ ಲೇಬಲ್ ಇರುವ ಬಾಟಲಿಯನ್ನೇ ಕೇಳಿ.

ಕಾಫಿ ಪುಡಿಗೆ ಪ್ಯಾಕೆಟ್ ಬೇಡ. ಬೀಜ ಹುರಿದು ಎದುರಿಗೇ ಪುಡಿ ಮಾಡಿಕೊಡುವ ಅಂಗಡಿಗಳು ಪೇಟೆಗಳಲ್ಲಿ ಇವೆ. ಕೊಡಗಿನ ಅರೇಬಿಕಾಕ್ಕೆ 2019ರಲ್ಲಿ ಭೌಗೋಳಿಕ ಸೂಚಿಕೆ (ಜಿಐ ಟ್ಯಾಗ್) ಸಿಕ್ಕಿದೆ, ಅದರ ಪರಿಮಳ ಚೆಂದ, ಬೆಲೆಯೂ ಜಾಸ್ತಿ. ರೋಬಸ್ಟಾ ಅಗ್ಗ, ಕಹಿ ಗಟ್ಟಿ, ಹಾಲು ಹಾಕಿ ಕುಡಿಯುವವರಿಗೆ ಸರಿಹೋಗುತ್ತದೆ. ಎರಡನ್ನೂ ಅರ್ಧರ್ಧ ಬೆರೆಸಿ ಹೇಳಿ. ಚಿಕೋರಿ ಎಷ್ಟು ಬೇಕು ಅಂತ ಅವರೇ ಕೇಳುತ್ತಾರೆ. ಕಾನೂನಿನ ಪ್ರಕಾರ 49 ಶೇಕಡಾವರೆಗೆ ಬೆರೆಸಬಹುದು, ಅಷ್ಟು ಹಾಕಿದರೆ ಕಾಫಿ ಎಲ್ಲಿ ಉಳಿಯಿತು? 20 ಶೇಕಡಾ ಸಾಕು. ನೂರು ಗ್ರಾಂ ಮಾತ್ರ ತನ್ನಿ, ಮುಗಿದ ಮೇಲೆ ಮತ್ತೆ ಹೋಗಿ.

ಪುಕ್ಕಟೆ ಸಿಗುವುದೂ ಇದೆ. ಬಟರ್ ಫ್ರೂಟ್ ಕಾಲದಲ್ಲಿ ಅಕ್ಕಪಕ್ಕದವರು ಚೀಲ ತುಂಬಿ ಕೊಡುತ್ತಾರೆ. ಮಳೆಗಾಲದಲ್ಲಿ ಕೆಸದ ಎಲೆ, ಕಣಿಲೆ. ಕಣಿಲೆಯನ್ನು ಹಸಿಯಾಗಿ ಬೇಯಿಸಬೇಡಿ, ಅದರಲ್ಲಿ ವಿಷದ ಅಂಶ ಇರುತ್ತದೆ. ಹೆಚ್ಚಿ ಎರಡು-ಮೂರು ದಿನ ನೀರಲ್ಲಿ ನೆನೆಸಿ, ದಿನಾ ನೀರು ಬದಲಿಸಿ, ಆಮೇಲೆ ಚೆನ್ನಾಗಿ ಬೇಯಿಸಬೇಕು. ಅಣಬೆಯನ್ನಂತೂ ಗೊತ್ತಿರುವವರು ಆರಿಸಿ ಕೊಟ್ಟರೆ ಮಾತ್ರ ತಿನ್ನಿ.

ಊರಿನ ರುಚಿಯೋ, ಇಲ್ಲಿಯದೋ

ಇದೂ ಒಂದು ಆಯ್ಕೆಯೇ, ಖರ್ಚಿನ ಮೇಲೆ ನೇರ ಪರಿಣಾಮ ಇದೆ. ನನ್ನ ಅವ್ವ ನನ್ನ ಜೊತೆ ಇರಲು ಬಂದಾಗ ಜೋಳದ ರೊಟ್ಟಿ ಇಲ್ಲದೆ ಊಟ ಸೇರುತ್ತಿರಲಿಲ್ಲ. ಹಾವೇರಿಯಿಂದ ಹಿಟ್ಟು ತರಿಸಿದೆವು. ಸಾಗಾಟದ ಖರ್ಚು ಒಂದು ಕಡೆ, ಮಳೆಗೆ ಹಿಟ್ಟು ಮುಗ್ಗಲು ಹಿಡಿದದ್ದು ಇನ್ನೊಂದು ಕಡೆ. ಒಂದು ಸಂಜೆ ಓನರ್ ಆಂಟಿ ಅಕ್ಕಿ ಒಟ್ಟಿ ಮಾಡುವುದನ್ನು ಅವ್ವ ನಿಂತು ನೋಡಿದರು. ಉಳಿದ ಅನ್ನಕ್ಕೆ ಅಕ್ಕಿ ಹಿಟ್ಟು ಸೇರಿಸಿ ನಾದಿ, ತೆಳ್ಳಗೆ ತಟ್ಟಿ, ಕಾವಲಿಯ ಮೇಲೆ ಹಾಕಿ, ಕೊನೆಗೆ ಕೆಂಡಕ್ಕೆ ಒಡ್ಡಿದರು. ಪೂರಿಯ ಹಾಗೆ ಉಬ್ಬಿತು. ಅವ್ವ ಏನೂ ಹೇಳದೆ ಮುಂದಿನ ಉಂಡೆ ಕೈಗೆ ತೆಗೆದುಕೊಂಡು ಬಡಿಯತೊಡಗಿದರು. ಐವತ್ತು ವರ್ಷ ರೊಟ್ಟಿ ಬಡಿದ ಕೈ, ಆಂಟಿಯೇ ಬೆರಗಾದರು. ಈಗ ನಮ್ಮ ಮನೆಯಲ್ಲಿ ವಾರಕ್ಕೆ ನಾಲ್ಕು ದಿನ ಅಕ್ಕಿ ಒಟ್ಟಿ, ಅದಕ್ಕೆ ಊರಿನ ಶೇಂಗಾ ಚಟ್ನಿ. ಜೋಳದ ಹಿಟ್ಟು ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಮಾತ್ರ, ಎರಡೆರಡು ಕಿಲೋ.

ಮುದ್ದೆ ಬೇಕಾದವರಿಗೆ ಇಷ್ಟು ಕಷ್ಟವಿಲ್ಲ. ರಾಗಿ ಇಲ್ಲೇ ಸಿಗುತ್ತದೆ. ಕುಶಾಲನಗರ, ಶನಿವಾರಸಂತೆ ಕಡೆ ಮುದ್ದೆ ಊಟದ ಹೋಟೆಲ್‌ಗಳೂ ಇವೆ.

ಯಾರಿಗೆ ಯಾವುದು

ಒಬ್ಬರೇ ಇದ್ದು ಸಂಬಳ ಕಡಿಮೆ ಇರುವವರು: ಮಧ್ಯಾಹ್ನ-ರಾತ್ರಿ ಮೆಸ್, ಬೆಳಗಿನ ತಿಂಡಿ-ಕಾಫಿ ಮನೆಯಲ್ಲಿ. ವಿಳಾಸದ ದಾಖಲೆ ಇನ್ನೂ ಇಲ್ಲದಿದ್ದರೆ 5 ಕಿಲೋದ ಸಣ್ಣ ಸಿಲಿಂಡರ್ ಗುರುತಿನ ಚೀಟಿ ತೋರಿಸಿದರೆ ಸಿಗುತ್ತದೆ. ಒಂದು ಒಲೆ, ಕುಕ್ಕರ್, ಎರಡು ಪಾತ್ರೆ ಸಾಕು. ಭಾನುವಾರ ರಾತ್ರಿಯ ಸಮಸ್ಯೆಗೂ ಅದೇ ಉತ್ತರ. ಇಂಡಕ್ಷನ್ ಒಲೆ ಒಂದನ್ನೇ ನಂಬಿಕೊಂಡು ಬರಬೇಡಿ, ಮಳೆಗಾಲದಲ್ಲಿ ಕರೆಂಟ್ ಕೈಕೊಡುತ್ತದೆ.

ಪಾಳಿ ಕೆಲಸದವರು: ಮೆಸ್ ಬಿಡಿ. ಎರಡು ಹೊತ್ತಿಗಾಗುವಷ್ಟು ಒಂದೇ ಸಲ ಮಾಡಿಕೊಳ್ಳಿ, ಕೈಲಾಗದ ದಿನ ಮಲಯಾಳಿ ಹೋಟೆಲ್.

ಮಕ್ಕಳಿರುವ ಕುಟುಂಬಕ್ಕೆ ಮೆಸ್-ಹೋಟೆಲ್ ಲೆಕ್ಕವೇ ಬೇಡ. ಶುಕ್ರವಾರದ ಸಂತೆ, ವಾರದ ಮಧ್ಯೆ ಪಕ್ಕದ ಅಂಗಡಿ, ತಿಂಗಳಿಗೊಮ್ಮೆ ಆರ್ಡರ್ ಕೊಟ್ಟು ತರಿಸಿದ ಕೊಡವ ಊಟ. ಬಾಡಿಗೆ ಸ್ವಲ್ಪ ಜಾಸ್ತಿ ಆದರೂ ಪೇಟೆಗೆ ನಡೆದು ಹೋಗುವಷ್ಟು ಹತ್ತಿರ ಮನೆ ಹಿಡಿಯಿರಿ. ಆಟೋ ಖರ್ಚಿನಲ್ಲೇ ಅದು ಸರಿಹೋಗುತ್ತದೆ.

ಮಡಿಕೇರಿಯೋ ಕುಶಾಲನಗರವೋ ಅಂತ ಆರಿಸಿಕೊಳ್ಳುವ ಅವಕಾಶ ನಿಮಗಿದ್ದರೆ, ತಿನ್ನುವ ಖರ್ಚಿನ ಮಟ್ಟಿಗೆ ಕುಶಾಲನಗರವೇ ಹಗುರ. ಮಳೆಯೂ ಕಡಿಮೆ, ಸಾಮಾನು ಕೆಡುವುದೂ ಕಡಿಮೆ. ಆದರೆ ಕೆಲಸ ಮಡಿಕೇರಿಯಲ್ಲಿದ್ದು ದಿನಾ ಓಡಾಡುವುದಾದರೆ ನಾನು ಬೇಡ ಅನ್ನುತ್ತೇನೆ. ಬೆಳಿಗ್ಗೆ ಮಂಜಿನಲ್ಲಿ ಬಸ್ಸು ತಡವಾಗುತ್ತದೆ, ರಾತ್ರಿ ಮನೆ ಸೇರಿ ಒಲೆ ಹಚ್ಚುವ ಚೈತನ್ಯ ಉಳಿಯುವುದಿಲ್ಲ, ಕೊನೆಗೆ ಎರಡು ಹೊತ್ತೂ ಹೊರಗೇ ತಿನ್ನುವುದಾಗುತ್ತದೆ.

ಬಂದ ಮೊದಲ ವಾರ ಯಾವುದಕ್ಕೂ ತಿಂಗಳ ದುಡ್ಡು ಕಟ್ಟಬೇಡಿ. ದಿನಕ್ಕೊಂದು ಕಡೆ ತಿನ್ನಿ, ಖರ್ಚನ್ನು ಒಂದು ಚೀಟಿಯಲ್ಲಿ ಬರೆದಿಡಿ. ಶುಕ್ರವಾರ ಸಂಜೆ ಎರಡು ಬಟ್ಟೆ ಚೀಲ, ಒಂದಿಷ್ಟು ಚಿಲ್ಲರೆ, ಗಟ್ಟಿ ಕೊಡೆ ಹಿಡಿದು ಸಂತೆಗೆ ಹೋಗಿ. ಮೊದಲ ಸುತ್ತಿನಲ್ಲಿ ಏನೂ ಕೊಳ್ಳದೆ ಬರೀ ಬೆಲೆ ಕೇಳುತ್ತಾ ನಡೆಯಿರಿ. ಎರಡನೇ ಸುತ್ತಿನಲ್ಲಿ, ಯಾರು ಕೊಳೆತದ್ದನ್ನು ತಾವೇ ಆರಿಸಿ ಪಕ್ಕಕ್ಕೆ ಹಾಕುತ್ತಿದ್ದಾರೋ ಅವರ ಮುಂದೆ ಚೀಲ ಬಿಚ್ಚಿ.